ಮಾರಾಟಕ್ಕೆ ಬಂದ ಕಾರು, ಮಾರಾಟಕ್ಕೆ ಬಂದ ಮನೆ: ಟ್ಯೂರಿನ್‌ನಿಂದ ನಾಸಿಕ್‌ವರೆಗೆ

ಈ ವಾರದ ವಿಡಿಯೋದ ಬರಹರೂಪ ಇದು. ಮಾತಾಡುವಾಗ ಅವಸರದಲ್ಲಿ ದಾಟಿಸಿದ ಒಂದೆರಡು ಸಂಗತಿಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಹಳೇ ಕಾರುಗಳ ಹರಾಜು ನೋಡುವ ಚಟ ನಿಮಗಿದ್ದರೆ ‘ಚಿಸಿತಾಲಿಯಾ 202’ ಅನ್ನೋ ಹೆಸರು ಕಣ್ಣಿಗೆ ಬಿದ್ದಿರುತ್ತೆ. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಪುಟ್ಟ ಇಟಾಲಿಯನ್ ಕಾರು. 1947ರಿಂದ ಕೆಲವೇ ವರ್ಷ ತಯಾರಾಯಿತು, ಎಲ್ಲಾ ಸೇರಿ ಹೆಚ್ಚುಕಡಿಮೆ 170. ಈಗ ಒಂದು ಒಳ್ಳೆಯ ಕಾರು ಮಾರಾಟಕ್ಕೆ ಬಂತು ಅಂದ್ರೆ ನಮ್ಮ ರೂಪಾಯಿ ಲೆಕ್ಕದಲ್ಲಿ ಕೋಟಿಗಳ ಮಾತು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1951ರಲ್ಲಿ ಎಂಟು ಕಾರುಗಳನ್ನು ಶಿಲ್ಪಗಳ ಹಾಗೆ ಪ್ರದರ್ಶನಕ್ಕಿಟ್ಟಾಗ ಇದೂ ಅದರಲ್ಲೊಂದು. 1972ರಲ್ಲಿ ಆ ಮ್ಯೂಸಿಯಂನ ಖಾಯಂ ಸಂಗ್ರಹಕ್ಕೇ ಒಂದು ಚಿಸಿತಾಲಿಯಾ ಸೇರಿತು.

ಅದನ್ನ ಕೊಳ್ಳೋದು ನಮ್ಮ ನಿಮ್ಮ ಕೈಲಾಗುವ ಮಾತಲ್ಲ, ಬಿಡಿ. ನಾನು ಹೇಳಹೊರಟಿದ್ದು ಬೇರೆ. ಈ ಕಾರಿನ ಮೈ ರೂಪಿಸಿದ ಮನೆಯೇ ಒಮ್ಮೆ ಮಾರಾಟಕ್ಕೆ ಬಂತು, ಅದನ್ನ ಕೊಂಡುಕೊಂಡದ್ದು ನಮ್ಮ ದೇಶದ ಒಂದು ಐಟಿ ಕಂಪನಿ. ಆ ಮನೆಯ ಕೈಚಳಕ ನಾಸಿಕ್‌ನ ಒಂದು ಕಾರಿನಲ್ಲಿ ಸಿಗುತ್ತೆ. ಇದೇ ಚಿಸಿತಾಲಿಯಾದ ಇನ್ನೊಂದು ಎಳೆ ಛತ್ರಪತಿ ಸಂಭಾಜಿನಗರದ ಹತ್ತಿರದ ಶೇಂದ್ರಾಕ್ಕೆ ಬಂದು ಮುಟ್ಟುತ್ತೆ. ಎರಡೂ ಊರಿಗೆ ಇರೋ ದೂರ ಸುಮಾರು ಇನ್ನೂರು ಕಿಲೋಮೀಟರ್. ಪುಣೆಯಲ್ಲಿರೋ ನಮ್ಮವರು ಶಿರಡಿಗೆ, ಎಲ್ಲೋರಾಕ್ಕೆ ಅಂತ ಆ ಕಡೆ ಓಡಾಡ್ತಾನೇ ಇರ್ತಾರೆ.

ಸರಿ, ಟ್ಯೂರಿನ್‌ಗೆ ಹೋಗೋಣ. ಯುದ್ಧ ಮುಗಿದಿದೆ, ಇಟಲಿ ಸೋತಿದೆ. ಪಿಯೆರೊ ದೂಸಿಯೊ ಅಂತ ಒಬ್ಬ ಬಟ್ಟೆ ವ್ಯಾಪಾರಿ. ಹಿಂದೆ ಯುವೆಂಟಸ್ ತಂಡಕ್ಕೆ ಫುಟ್‌ಬಾಲ್ ಆಡಿದವನು, ಆಮೇಲೆ ಅದೇ ಕ್ಲಬ್ಬಿನ ಅಧ್ಯಕ್ಷನೂ ಆದವನು. ಅವನಿಗೆ ರೇಸ್ ಕಾರು ಮಾಡುವ ಹುಚ್ಚು. ಕಬ್ಬಿಣವಿಲ್ಲ, ರಬ್ಬರಿಲ್ಲ, ಕೈಗೆ ಸಿಗೋದು ಫಿಯಟ್ 1100 ಕಾರಿನ ಬಿಡಿಭಾಗ ಮಾತ್ರ. ಅದನ್ನೇ ತಗೊಂಡ. ಫಿಯಟ್‌ನ ವಿಮಾನ ವಿಭಾಗದಲ್ಲಿ ಕೆಲಸ ಮಾಡಿದ್ದ ಜೊವಾನ್ನಿ ಸಾವೊನುಜ್ಜಿ ಅನ್ನೋ ಎಂಜಿನಿಯರ್ ಜೊತೆಗಿದ್ದ. ಸಣ್ಣ ಉಕ್ಕಿನ ಕೊಳವೆಗಳನ್ನು ಬೆಸೆದು ವಿಮಾನದ ಹಂದರದ ಥರ ಚಾಸಿ ಕಟ್ಟಿದರು. ಅದರ ಮೇಲೆ ಅಲ್ಯೂಮಿನಿಯಂ ಮೈ.

ಆ ಮೈ ರೂಪಿಸಿದವನು ಬತ್ತಿಸ್ತಾ ಫರೀನಾ. ಮನೆಯಲ್ಲಿ ‘ಪಿನಿನ್’ ಅಂತಿದ್ದರು, ಚಿಕ್ಕೋನು ಅಂತ ಅರ್ಥ. 1930ರಲ್ಲಿ ಅವನು ತೆಗೆದ ಕಾರ್ಖಾನೆ ಮಾಡ್ತಿದ್ದ ಕೆಲಸ ನಮಗೆ ಹೊಸದಲ್ಲ. ಲಾರಿ ಚಾಸಿ ತಂದು ಬಾಡಿ ಕಟ್ಟಿಸ್ತಾರಲ್ಲ, ಅದೇ. ನಮ್ಮ ಕೆಎಸ್‌ಆರ್‌ಟಿಸಿ ಕೆಂಗೇರಿಯ ವರ್ಕ್‌ಶಾಪಿನಲ್ಲಿ ಬಸ್ಸಿನ ಬಾಡಿ ಕಟ್ಟುತ್ತಲ್ಲ, ಅದೇ ಕಸುಬು. ಮರದ ಅಚ್ಚಿನ ಮೇಲೆ ತಗಡಿಟ್ಟು ಸುತ್ತಿಗೆಯಲ್ಲಿ ಬಡಿದು ಬಡಿದು ಬಾಗಿಸೋದು. ಐಟಿಯವರನ್ನ ‘ಬಾಡಿ ಶಾಪಿಂಗ್’ ಅಂತ ಹಂಗಿಸ್ತಾರೆ. ಇವರದು ಅಕ್ಷರಶಃ ಬಾಡಿ ಶಾಪು!

1946ರ ಪ್ಯಾರಿಸ್ ಮೋಟಾರ್ ಶೋನಲ್ಲಿ, ಶತ್ರು ದೇಶದವರು ಅಂತ ಇಟಲಿಯವರಿಗೆ ಜಾಗ ಕೊಡಲಿಲ್ಲ. ಪಿನಿನ್ ಮತ್ತು ಅವನ ಮಗ ಸೆರ್ಜಿಯೊ ಆಲ್ಫಾ ರೋಮಿಯೋ ಒಂದು, ಲಾನ್ಸಿಯಾ ಒಂದು, ಎರಡು ಕಾರು ತಾವೇ ಓಡಿಸಿಕೊಂಡು ಹೋಗಿ ಪ್ರದರ್ಶನ ನಡೆಯುತ್ತಿದ್ದ ಗ್ರಾಂ ಪ್ಯಾಲೆಯ ಹೊರಗೆ ನಿಲ್ಲಿಸಿದರು. ಜನ ಅಲ್ಲೇ ಮುತ್ತಿಕೊಂಡರು. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ಅಂಗಡಿ ಹಾಕೋ ಈ ಧೈರ್ಯ ನನಗೆ ತುಂಬಾ ಇಷ್ಟ.

ಮರುವರ್ಷ ಚಿಸಿತಾಲಿಯಾ ಬಂತು. ಆವರೆಗಿನ ಕಾರುಗಳಲ್ಲಿ ಬಾನೆಟ್ ಬೇರೆ, ಮಡ್‌ಗಾರ್ಡ್ ಬೇರೆ, ದೀಪ ಬೇರೆ, ಒಂದೊಂದೂ ಅಂಟಿಸಿದ ಹಾಗೆ. ಇದರಲ್ಲಿ ಎಲ್ಲವೂ ಒಂದೇ ಚರ್ಮ. 1947ರ ಮಿಲ್ಲೆ ಮಿಲ್ಯಾ ರೇಸಿನಲ್ಲಿ 54 ವಯಸ್ಸಿನ, ಕಾಯಿಲೆಯ ತಾತ್ಸಿಯೊ ನುವೊಲಾರಿ ಇದರ ತೆರೆದ ಮಾದರಿಯನ್ನು ಓಡಿಸಿ, ಮಳೆನೀರು ಇಗ್ನಿಷನ್‌ಗೆ ಹೊಕ್ಕು ಎಡವಟ್ಟಾದರೂ ಎರಡನೇ ಸ್ಥಾನಕ್ಕೆ ಬಂದ. ಗೆದ್ದದ್ದು ಇದರ ಎರಡೂವರೆ ಪಟ್ಟು ದೊಡ್ಡ ಎಂಜಿನ್ನಿನ ಆಲ್ಫಾ.

ಎಂಜಿನ್ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ. ಚಿಸಿತಾಲಿಯಾದ್ದು ಬರೀ 1089 ಸಿಸಿ. ಬೋರ್ 68 ಮಿ.ಮೀ., ಸ್ಟ್ರೋಕ್ 75. ಈ ಅಂಕಿ ಎಲ್ಲೋ ಕೇಳಿದ ಹಾಗಿದೆ ಅನಿಸಿದರೆ ನಿಮ್ಮ ಅಪ್ಪನೋ ಮಾವನೋ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿದ್ದಿರಬೇಕು. ಹೌದು, ಅದೇ ಬೋರ್, ಅದೇ ಸ್ಟ್ರೋಕ್, ಅದೇ ವಂಶ. ದಾಂತೆ ಜಿಯಾಕೋಸಾ 1937ರಲ್ಲಿ ಮಾಡಿದ ಫಿಯಟ್ 1100ರ ಎಂಜಿನ್ನು ಒಂದು ಕಡೆ ಹದಗೊಂಡು ಮ್ಯೂಸಿಯಂ ಸೇರಿತು, ಇನ್ನೊಂದು ಕಡೆ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಲ್ಲಿ ಕೂತು 2023ರ ಅಕ್ಟೋಬರ್‌ವರೆಗೆ ದುಡಿಯಿತು.

ಪದ್ಮಿನಿ ತಯಾರಾದದ್ದು ವಾಲಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್‌ನಲ್ಲಿ, ಕುರ್ಲಾದಲ್ಲಿ. ಇದೇ ವಾಲಚಂದರ ಸಕ್ಕರೆ ಕಾರ್ಖಾನೆ ನಾಸಿಕ್ ಜಿಲ್ಲೆಯ ಮಾಲೆಗಾಂವ್ ಹತ್ತಿರ, ರಾವಳಗಾಂವ್‌ನಲ್ಲಿ. ಚಿಕ್ಕಂದಿನಲ್ಲಿ ತಿಂದ ರಾವಳಗಾಂವ್ ಪೆಪ್ಪರ್‌ಮೆಂಟು ನೆನಪಿದ್ದರೆ, ಅದು ಅಲ್ಲಿನದೇ. 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದವರೂ ಇವರೇ. ಯುದ್ಧ ಮುಗಿದ ಮೇಲೆ ವಿಮಾನದ ತಗಡು ಬಡಿಯುತ್ತಿದ್ದ ಬೆಂಗಳೂರಿನ ಕೈಗಳು ಬಸ್ಸಿನ ಬಾಡಿ ಕಟ್ಟಿದವು, ರೈಲ್ವೆ ಬೋಗಿ ಕಟ್ಟಿದವು. ಟ್ಯೂರಿನ್‌ನಲ್ಲಿ ಅಂಥದೇ ಕೈಗಳು ಚಿಸಿತಾಲಿಯಾ ಕಟ್ಟುತ್ತಿದ್ದವು. ಕೌಶಲದಲ್ಲಿ ನಮ್ಮವರು ಕಮ್ಮಿ ಇದ್ದರು ಅಂತ ನನಗನಿಸಲ್ಲ. ಬೇಕಾದ್ದು ಬಸ್ಸು, ಅದಕ್ಕೇ ಬಸ್ಸು ಕಟ್ಟಿದರು.

ಊರಲ್ಲಿ ಹಳೇ ಫಿಯಟ್ ನಿಂತಿರೋರಿಗೆ ಒಂದು ಮಾತು: 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ, ನಂಬರಿನಲ್ಲಿ ‘ವಿಎ’ ಅಕ್ಷರ. ದಿನಾ ಓಡಿಸೋ ಹಾಗಿಲ್ಲ. ಮಾರಿದರೆ 90 ದಿನದೊಳಗೆ ತಿಳಿಸಬೇಕು. ಗುಜರಿಗೆ ಹಾಕೋ ಮುಂಚೆ ಯೋಚಿಸಿ.

ದೂಸಿಯೊ ಏನಾದ? ಅತಿಯಾಸೆಗೆ ಬಿದ್ದ. ಗ್ರ್ಯಾಂಡ್ ಪ್ರೀ ಕಾರು ಮಾಡಿಕೊಡಿ ಅಂತ ಆಸ್ಟ್ರಿಯಾದ ಗ್ಮುಂಡ್ ಎಂಬ ಹಳ್ಳಿಯಲ್ಲಿದ್ದ ಪೋರ್ಷೆ ಕಚೇರಿಗೆ ಕೆಲಸ ಕೊಟ್ಟ. ಆಗ ಹಿರಿಯ ಫರ್ಡಿನಾಂಡ್ ಪೋರ್ಷೆ ಮತ್ತು ಅಳಿಯ ಆಂಟನ್ ಪಿಯೆಚ್ ಫ್ರೆಂಚರ ಸೆರೆಯಲ್ಲಿದ್ದರು. ದೂಸಿಯೊ ಕೊಟ್ಟ ಫೀಸಿನ ಬಲದಿಂದಲೇ ಮಗ ಫೆರಿ ಪೋರ್ಷೆ ಹತ್ತು ಲಕ್ಷ ಫ್ರಾಂಕ್ ಜಾಮೀನು ಕಟ್ಟಿ 1947ರ ಆಗಸ್ಟ್‌ನಲ್ಲಿ ಅವರನ್ನ ಬಿಡಿಸಿಕೊಂಡ. 1948ರಲ್ಲಿ ಮೊದಲ ಪೋರ್ಷೆ 356 ಹೊರಬಂತು. ದೂಸಿಯೊನ ಗ್ರ್ಯಾಂಡ್ ಪ್ರೀ ಕಾರು ಮಾತ್ರ ಒಂದೂ ಗ್ರ್ಯಾಂಡ್ ಪ್ರೀ ಓಡಲಿಲ್ಲ. ಕಂಪನಿ ದಿವಾಳಿ, ಅವನು ಅರ್ಜೆಂಟೀನಾಗೆ.

ಆ ಪೋರ್ಷೆ-ಪಿಯೆಚ್ ಕುಟುಂಬದ ಕೈಯಲ್ಲೇ ಇವತ್ತು ಫೋಕ್ಸ್‌ವ್ಯಾಗನ್ ಸಮೂಹದ ಬಹುಮತದ ಮತಗಳಿವೆ. ಅದೇ ಸಮೂಹದ ಸ್ಕೋಡಾ 2001ರಲ್ಲಿ ಶೇಂದ್ರಾದಲ್ಲಿ ಆಕ್ಟೇವಿಯಾ ಜೋಡಿಸಲು ಶುರುಮಾಡಿತು, 2007ರಿಂದ ಔಡಿಯೂ ಅಲ್ಲೇ. ಪೋರ್ಷೆ ಕಾರು ಅಲ್ಲಿ ತಯಾರಾಗಲ್ಲ. ಆದರೂ ದಿವಾಳಿಯಾದ ಟ್ಯೂರಿನ್ ವ್ಯಾಪಾರಿಯ ಚೆಕ್ಕಿಗೂ ಮರಾಠವಾಡದ ಆ ಗೇಟಿಗೂ ಇಷ್ಟು ಹತ್ತಿರದ ನಂಟಿದೆ ಅಂತ ಯಾರು ಎಣಿಸಿದ್ದರು?

ಈಗ ಪಿನಿನ್ ಮನೆ. ಚಿಸಿತಾಲಿಯಾ ಮುಳುಗಿದರೂ ಇವರು ಮುಳುಗಲಿಲ್ಲ, ಯಾಕಂದ್ರೆ ಇವರದು ಸರ್ವೀಸ್ ಕಂಪನಿ. ಗಿರಾಕಿ ಸತ್ತರೆ ಇನ್ನೊಬ್ಬ ಗಿರಾಕಿ. 1951ರಲ್ಲಿ ಎನ್ಜೊ ಫೆರಾರಿ ಜೊತೆ ಮಾತುಕತೆಯಾಯಿತು. ನಾನು ಅವನಲ್ಲಿಗೆ ಹೋಗಲ್ಲ, ಅವನು ನನ್ನಲ್ಲಿಗೆ ಬರಲ್ಲ ಅಂತ ಇಬ್ಬರಿಗೂ ಬಿಗುಮಾನ. ಕೊನೆಗೆ ನಡುದಾರಿಯ ತೊರ್ತೋನಾ ಊರಿನ ಹೋಟೆಲಿನಲ್ಲಿ ಕೂತರು. ಅಲ್ಲಿಂದ ಆರು ದಶಕ ಫೆರಾರಿಯ ರೂಪ ಅಂದ್ರೆ ಬಹುಪಾಲು ಪಿನಿನ್‌ಫರೀನಾ. 1961ರಲ್ಲಿ ಇಟಲಿಯ ರಾಷ್ಟ್ರಪತಿ ಒಪ್ಪಿಗೆ ಕೊಟ್ಟು ಕುಟುಂಬದ ಹೆಸರನ್ನೇ ‘ಪಿನಿನ್‌ಫರೀನಾ’ ಮಾಡಿದರು.

ಪಕ್ಕದಲ್ಲೇ ಇನ್ನೊಂದು ವ್ಯವಹಾರ ಬೆಳೀತಾ ಇತ್ತು. ಬರೀ ಗೆರೆ ಎಳೆದುಕೊಡೋದಲ್ಲ, ಬೇರೆ ಕಂಪನಿಗಳ ಕಾರನ್ನು ಗುತ್ತಿಗೆಗೆ ತಯಾರಿಸಿಕೊಡೋದು. ಇದರ ತುತ್ತತುದಿ 1987ರಿಂದ 1993ರವರೆಗಿನ ಕ್ಯಾಡಿಲ್ಯಾಕ್ ಅಲಾಂಟೆ. ಟ್ಯೂರಿನ್‌ನಲ್ಲಿ ಬಾಡಿ ಕಟ್ಟಿ, ಬೋಯಿಂಗ್ 747ರಲ್ಲಿ ಸಲಕ್ಕೆ 56ರಂತೆ ತುಂಬಿ ಡೆಟ್ರಾಯ್ಟ್‌ಗೆ ಹಾರಿಸೋದು! ನಮ್ಮ ಆಫ್‌ಶೋರ್ ಡೆಲಿವರಿ ಆದರೂ ತಂತಿಯಲ್ಲಿ ಹೋಗುತ್ತೆ. ಆಮೇಲೆ ಆಲ್ಫಾ ಬ್ರೇರಾ, ಫೋರ್ಡ್ ಫೋಕಸ್ ಕನ್ವರ್ಟಿಬಲ್, ಮಿತ್ಸುಬಿಷಿ ಕೋಲ್ಟ್. ಕಾರ್ಖಾನೆ, ಸಾಲ, ಜನ ಎಲ್ಲಾ ಇವರದು. ಬ್ರ್ಯಾಂಡು, ಗಿರಾಕಿ, ಮುಂದುವರಿಸಬೇಕೋ ಬೇಡವೋ ಅನ್ನೋ ತೀರ್ಮಾನ ಅವರದು. ಮಾರಾಟ ಇಳಿದಂತೆ ದೊಡ್ಡ ಕಂಪನಿಗಳು ಕೆಲಸವನ್ನು ತಮ್ಮ ಕಾರ್ಖಾನೆಗೇ ಎಳೆದುಕೊಂಡವು. 2008ರ ಆಗಸ್ಟ್‌ನಲ್ಲಿ ಮೊಮ್ಮಗ ಆಂಡ್ರೆಯಾ, ಕಂಪನಿ ನಡೆಸುತ್ತಿದ್ದವನು, ವೆಸ್ಪಾ ಸ್ಕೂಟರಿನಲ್ಲಿ ಹೋಗುವಾಗ ಅಪಘಾತದಲ್ಲಿ ತೀರಿಕೊಂಡ. 2010ರ ಹೊತ್ತಿಗೆ ಗುತ್ತಿಗೆಯ ಸಾಲುಗಳು ಬರಿದು. ಉಳಿದದ್ದು ಬ್ಯಾಂಕಿನ ಸಾಲ. ಬೆಂಚ್ ಮೇಲೆ ಕೂತವರಿಗೆ ಈ ಭಾಗ ನಾನು ವಿವರಿಸಬೇಕಿಲ್ಲ ಅಲ್ವಾ.

2015ರ ಎರಡು ವ್ಯಾಪಾರ ಪಕ್ಕಪಕ್ಕ ಇಟ್ಟು ನೋಡಿ. ಫೆಬ್ರವರಿಯಲ್ಲಿ ಪ್ಯಾರಿಸ್ ಹರಾಜಿನಲ್ಲಿ, ಫ್ರಾನ್ಸಿನ ಒಂದು ಕೊಟ್ಟಿಗೆಯಲ್ಲಿ ಧೂಳು ಹಿಡಿದು ಸಿಕ್ಕ 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್, ಪಿನಿನ್‌ಫರೀನಾ ವಿನ್ಯಾಸದ್ದು, 1.6 ಕೋಟಿ ಯೂರೋ ದಾಟಿತು. ಡಿಸೆಂಬರ್ 14ಕ್ಕೆ ಟೆಕ್ ಮಹೀಂದ್ರ ಮತ್ತು ಮಹೀಂದ್ರ ಸೇರಿ ಪಿನಿನ್‌ಫರೀನಾ ಕಂಪನಿಯ ಶೇ. 76.06 ಪಾಲು ಕೊಳ್ಳೋದಾಗಿ ಘೋಷಿಸಿದರು. ಷೇರಿಗೆ 1.10 ಯೂರೋ, ಒಟ್ಟು ಸುಮಾರು 2.5 ಕೋಟಿ ಯೂರೋ, ಸಾಲದ ಹೊಣೆ ಬೇರೆ. ಒಂದು ಕಾರಿನ ಬೆಲೆ, ಅಂಥ ಕಾರುಗಳಿಗೆ ರೂಪ ಕೊಟ್ಟ ಇಡೀ ಮನೆಯ ಮುಕ್ಕಾಲು ಪಾಲಿನ ಬೆಲೆಯ ಮೂರನೇ ಎರಡಕ್ಕೆ ಹತ್ತಿರ! ಕೈಯಿಂದ ಹೊರಟ ವಸ್ತುವಿನ ಬೆಲೆ ಏರುತ್ತಾ ಹೋಯಿತು, ಮಾಡಿದ ಕೈಗೆ ಗಂಟೆ ಲೆಕ್ಕದ ಕೂಲಿ ಅಷ್ಟೇ ದಕ್ಕಿತು. ಕೊಂಡವರಲ್ಲಿ ಶೇ. 60 ಪಾಲು ಟೆಕ್ ಮಹೀಂದ್ರದ್ದು, ಕಾರು ಕಂಪನಿಯದಲ್ಲ, ಅನ್ನೋದನ್ನ ಗಮನಿಸಿ.

2018ರ ಸೆಪ್ಟೆಂಬರ್ 3ಕ್ಕೆ ಮಹೀಂದ್ರದ ನಾಸಿಕ್ ಕಾರ್ಖಾನೆಯಲ್ಲಿ ಮರಾಜ್ಜೊ ಬಿಡುಗಡೆಯಾಯಿತು. ಏಳೆಂಟು ಜನ ಕೂರುವ ಸಂಸಾರದ ಗಾಡಿ, ಆರಂಭದ ಬೆಲೆ 9.99 ಲಕ್ಷ, ವಿನ್ಯಾಸದಲ್ಲಿ ಪಿನಿನ್‌ಫರೀನಾದ ಕೈ. ಗಿರಾಕಿಗಳು ಇದನ್ನ ಹೆಚ್ಚು ಕೈಹಿಡಿಯಲಿಲ್ಲ. ಎಸ್‌ಯುವಿ ಹುಚ್ಚಿನ ಕಾಲ, ವ್ಯಾನ್ ಥರ ಇದೆ ಅಂದರು. ನನ್ನ ಮಟ್ಟಿಗೆ ಅದರ ಪಕ್ಕದ ಗೆರೆ ಆ ಬೆಲೆಯ ಯಾವ ಗಾಡಿಗೂ ಇರಲಿಲ್ಲ. ಮರುವರ್ಷ ಜಿನೀವಾದಲ್ಲಿ, ಮಹೀಂದ್ರದ ದುಡ್ಡಿನಲ್ಲೇ ಹುಟ್ಟಿದ ಆಟೊಮೊಬಿಲಿ ಪಿನಿನ್‌ಫರೀನಾ ತನ್ನ ಹೆಸರಲ್ಲೇ ಒಂದು ಕಾರು ತೋರಿಸಿತು: 1,900 ಕುದುರೆಶಕ್ತಿಯ ವಿದ್ಯುತ್ ಕಾರು, ಬರೀ 150 ಅಂತ ಮಿತಿ, ಅಜ್ಜನ ಹೆಸರು, ‘ಬತ್ತಿಸ್ತಾ’. ಅದನ್ನ ಕಟ್ಟೋದು ಟ್ಯೂರಿನ್ ಪಕ್ಕದ ಕಂಬಿಯಾನೋದಲ್ಲಿ, ಕೈಯಿಂದಲೇ.

ವಾಲಚಂದ್ ಮತ್ತು ವಿಶ್ವೇಶ್ವರಯ್ಯ ಸೇರಿ ಮೈಸೂರು ಸಂಸ್ಥಾನದಲ್ಲಿ ಕಾರು ಕಾರ್ಖಾನೆ ತೆರೆಯೋಕೆ ಹೋಗಿ ಬ್ರಿಟಿಷರು ಅಡ್ಡಗಾಲು ಹಾಕಿದ ಕತೆಗೆ ಇಲ್ಲಿ ಜಾಗ ಸಾಲಲಿಲ್ಲ. ಅದು ಮುಂದಿನ ವಾರ.