ಹನ್ನೆರಡು ಗಂಟೆಗಳ ಪಾಠ

ಕ್ಯಾಲಿಫೋರ್ನಿಯಾದಲ್ಲಿ ಬಹುಕಾಲದಿಂದ ವೃತ್ತಿ ನಡೆಸುತ್ತಿರುವ ನಮ್ಮ ಕನ್ನಡಿಗ ವೈದ್ಯರನ್ನು ಕೇಳಿ ನೋಡಿ. ನೋವಿನ ಚಿಕಿತ್ಸೆ ಹಾಗೂ ಸಾವಿನಂಚಿನ ರೋಗಿಗಳ ಆರೈಕೆ ಕುರಿತ 12 ಗಂಟೆಗಳ ತರಬೇತಿಯನ್ನು 2006ರ ಡಿಸೆಂಬರ್ 31ರೊಳಗೆ ಮುಗಿಸಬೇಕೆಂದು ರಾಜ್ಯದ ಕಾನೂನು ಅವರಿಗೆ ವಿಧಿಸಿತ್ತು. ರೇಡಿಯಾಲಜಿ, ಪೆಥಾಲಜಿಯವರಿಗಷ್ಟೇ ವಿನಾಯಿತಿ. ವೈದ್ಯರು ಏನು ಕಲಿಯಬೇಕೆಂಬುದನ್ನು ಸಾಮಾನ್ಯವಾಗಿ ವೈದ್ಯರೇ ತೀರ್ಮಾನಿಸುತ್ತಾರೆ. ಇಲ್ಲಿ ಶಾಸನಸಭೆ ಏಕೆ ಕೈಹಾಕಿತು? ನಾನು ವೈದ್ಯನಲ್ಲ, ಇತಿಹಾಸದ ಓದುಗ. ಹುಡುಕುತ್ತ ಹೋದಾಗ ಸಿಕ್ಕಿದ್ದು ನಮ್ಮ ನೆರೆಯ ಕ್ಯಾಸ್ಟ್ರೋ ವ್ಯಾಲಿಯ ಒಂದು ಮೊಕದ್ದಮೆ.

1998ರ ಫೆಬ್ರವರಿಯಲ್ಲಿ 85 ವರ್ಷದ ಬರ್ಗ್‌ಮನ್ ಎಂಬವರು ತಡೆಯಲಾಗದ ಬೆನ್ನುನೋವಿನಿಂದ ಅಲ್ಲಿನ ಆಸ್ಪತ್ರೆ ಸೇರಿದರು. ಪರೀಕ್ಷೆಗಳು ಶ್ವಾಸಕೋಶದ ಕ್ಯಾನ್ಸರಿನತ್ತ ಬೊಟ್ಟುಮಾಡಿದವು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ದಾದಿಯರು ಅವರ ನೋವನ್ನು 7ರಿಂದ 10ರವರೆಗೆ ಬರೆದಿಟ್ಟರು. ಹಾಗೆ ಬರೆದದ್ದಕ್ಕೂ ಕೊಟ್ಟ ಔಷಧಕ್ಕೂ ತಾಳೆಯೇ ಇಲ್ಲವೆಂಬುದು ಮಕ್ಕಳ ದೂರು. ಐದಾರು ದಿನಗಳ ನಂತರ ಅವರನ್ನು ಮನೆಗೆ ಕಳಿಸಲಾಯಿತು. ಮೂರು ದಿನದಲ್ಲಿ ತೀರಿಕೊಂಡರು.

ರಾಜ್ಯದ ವೈದ್ಯಕೀಯ ಮಂಡಳಿ ವೈದ್ಯರ ಮೇಲೆ ಶಿಸ್ತುಕ್ರಮ ಕೈಗೊಳ್ಳಲಿಲ್ಲ. ತೀರಿಹೋದವರು ಅನುಭವಿಸಿದ ನೋವಿಗೆ ಪರಿಹಾರ ಕೇಳಲು ಆಗಿನ ವೈದ್ಯಕೀಯ ನಿರ್ಲಕ್ಷ್ಯದ ಕಾನೂನಿನಲ್ಲಿ ದಾರಿಯಿರಲಿಲ್ಲ. ಆದ್ದರಿಂದ ಮಕ್ಕಳು ವೃದ್ಧರ ಮೇಲಿನ ದೌರ್ಜನ್ಯದ ಕಾನೂನನ್ನು ಹಿಡಿದು ನ್ಯಾಯಾಲಯಕ್ಕೆ ಹೋದರು. 2001ರ ಜೂನಿನಲ್ಲಿ ಅಲಮೇಡಾ ಕೌಂಟಿಯ ಜ್ಯೂರಿ 15 ಲಕ್ಷ ಡಾಲರ್ ಪರಿಹಾರ ಘೋಷಿಸಿತು. ಕಾನೂನಿನ ಮಿತಿಯಂತೆ ಅದು ಎರಡೂವರೆ ಲಕ್ಷಕ್ಕೆ ಇಳಿಯಿತು. ಮೊತ್ತ ಹಾಗಿರಲಿ, ರೋಗಿಯ ನೋವನ್ನು ನೋವಾಗಿಯೇ ಬಿಟ್ಟದ್ದಕ್ಕೆ ಹನ್ನೆರಡು ಮಂದಿ ಸಾಮಾನ್ಯ ಜನರ ಜ್ಯೂರಿ ದೌರ್ಜನ್ಯವೆಂಬ ಹೆಸರು ಕೊಟ್ಟದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಬರ್ಕ್ಲಿಯ ಪ್ರತಿನಿಧಿ ಡಯಾನ್ ಆರೋನರ್ ಮಂಡಿಸಿದ್ದ 487ನೇ ಮಸೂದೆ ಅದೇ ವರ್ಷ ಕಾನೂನಾಯಿತು. 12 ಗಂಟೆಗಳ ಮೂಲ ಅದು.

ವೈದ್ಯರ ಪರವಾಗಿಯೂ ಒಂದು ಮಾತು ಹೇಳಬೇಕು. ಮಾರ್ಫಿನ್ ಕೊಟ್ಟರೆ ಚಟ ಹತ್ತೀತು, ಉಸಿರು ನಿಂತೀತು ಎಂಬ ಭಯದಲ್ಲೇ ಅವರು ಬೆಳೆದಿದ್ದರು. ವಿದ್ಯೆಯೇನೋ ಇತ್ತು. ದಾದಿಯಾಗಿ, ಆಸ್ಪತ್ರೆಯ ಸಮಾಜಸೇವಕಿಯಾಗಿ, ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದಿದ್ದರು. ನೋವು ಮರಳುವ ಮೊದಲೇ, ಹೊತ್ತುಹೊತ್ತಿಗೆ ಔಷಧ ಕೊಡಬೇಕೆಂಬುದು ಅವರ ಪಾಠ. ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ 1987ರಲ್ಲಿ ಶುರುವಾದ ಝೆನ್ ಹಾಸ್ಪಿಸ್ ಪ್ರಾಜೆಕ್ಟ್, ಸಾಮಾನ್ಯ ಜನರಿಗೆ ಸಾಯುವವರ ಬಳಿ ಕೂರುವುದನ್ನು ಕಲಿಸಿ ಲಗೂನಾ ಹೋಂಡಾ ಆಸ್ಪತ್ರೆಗೆ ಕಳಿಸುತ್ತಿತ್ತು. ಉಪಶಾಮಕ ಆರೈಕೆ ಅಮೆರಿಕದಲ್ಲಿ ವೈದ್ಯಕೀಯದ ಅಧಿಕೃತ ಉಪಶಾಖೆಯಾದದ್ದು 2006ರಲ್ಲಿ. ಸ್ವಯಂಸೇವಕರು ಮುಂದೆ, ವೈದ್ಯರು ಹಿಂದೆ! ಈಚೆಗೆ ಓಪಿಯಾಯ್ಡ್ ಚಟದ ಹಾವಳಿ ಹೆಚ್ಚಿದ ಮೇಲೆ, ಈ ತರಬೇತಿಯ ಬದಲು ಚಟದ ಚಿಕಿತ್ಸೆಯ ತರಬೇತಿಯನ್ನು ಆರಿಸಿಕೊಳ್ಳಲು 2018ರ ಕಾನೂನು ಅವಕಾಶ ಕೊಟ್ಟಿದೆ. ಹಳೆಯ ಭಯ ಬೇರೆ ವೇಷದಲ್ಲಿ ಬಂದಿತೇ ಎಂಬ ಅನುಮಾನ ನನ್ನದು.

ಕರ್ನಾಟಕದ ಕಥೆಯಲ್ಲೂ ಕಾನೂನಿದೆ, ಆದರೆ ಅಡ್ಡಗಾಲಾಗಿ. 1985ರ ಮಾದಕವಸ್ತು ಕಾಯಿದೆಯಿಂದ ಆಸ್ಪತ್ರೆಗಳಿಗೆ ಮಾರ್ಫಿನ್ ಸಿಗುವುದೇ ದುಸ್ತರವಾಯಿತು. ಸಡಿಲವಾದದ್ದು 2014ರ ತಿದ್ದುಪಡಿಯಲ್ಲಿ. ಆ ನಡುವೆಯೇ, 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಹುಟ್ಟಿತು. ಅದರ ಕರುಣಾಶ್ರಯ 1999ರಿಂದ ಮಾರತಹಳ್ಳಿಯ ಬಳಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ, ದಾದಿಯರಿಗೂ ಕಲಿಸುತ್ತಿದೆ. ಎಂಬಿಬಿಎಸ್ ಪಠ್ಯಕ್ರಮದೊಳಗೆ ಈ ವಿಷಯ ಬಂದದ್ದು 2019ರಲ್ಲಿ.

ಫ್ರೀಮಾಂಟಿಗೋ ಸನಿವೇಲಿಗೋ ಮಕ್ಕಳ ಬಳಿ ಬಂದು ನೆಲೆಸಿದ ನಮ್ಮ ಹಿರಿಯರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅವರು ನೋವನ್ನು ಅಂಕೆಯಲ್ಲಿ ಹೇಳುವವರಲ್ಲ. ಉರಿ, ಸೆಳೆತ, ಚುಚ್ಚಿದ ಹಾಗೆ, ಹಿಂಡಿದ ಹಾಗೆ, ಸಂಕಟ. ಕೊನೆಗೆ "ಪರವಾಗಿಲ್ಲ ಬಿಡಪ್ಪಾ". ಪಕ್ಕದಲ್ಲಿ ನಿಂತ ಮಗ ಅದನ್ನು ಇಂಗ್ಲಿಷಿನಲ್ಲಿ "ಎರಡು" ಎಂದುಬಿಟ್ಟರೆ ದಾದಿ ಎರಡೆಂದೇ ಬರೆದುಕೊಳ್ಳುತ್ತಾಳೆ, ಔಷಧವೂ ಎರಡಕ್ಕೆ ತಕ್ಕಷ್ಟೇ ಬರುತ್ತದೆ. ಬರ್ಗ್‌ಮನ್ನರ ಕಡತದಲ್ಲಿ ಅಂಕೆಯಾದರೂ ಸರಿಯಿತ್ತು. ಆಸ್ಪತ್ರೆಗಳು ತರಬೇತಾದ ದುಭಾಷಿಯನ್ನು, ಫೋನಿನಲ್ಲಾದರೂ ಸರಿ, ಉಚಿತವಾಗಿ ಒದಗಿಸಬೇಕೆಂಬ ನಿಯಮ ಇಲ್ಲಿದೆ. ದಾಖಲಾಗುವ ದಿನವೇ "ಕನ್ನಡ" ಎಂದು ಹೇಳಿ ಬರೆಸಿಕೊಳ್ಳಿ.