‘ಆಟೋ ಕಟ್’ ಇದ್ದರೂ ಚರ್ಮ ಸುಡುವುದೇಕೆ?

ಹೀಟಿಂಗ್ ಪ್ಯಾಡಿನ ಪೆಟ್ಟಿಗೆಯ ಮೇಲೆ ‘ಆಟೋ ಕಟ್’ ಎಂದು ಬರೆದಿರುತ್ತದೆ. ಅದನ್ನು ನಂಬಿ ಮಂಡಿನೋವಿನ ತಾಯಿಗೆ ಪ್ಯಾಡ್ ಇಟ್ಟು ನೀವು ಬೇರೆ ಕೆಲಸಕ್ಕೆ ಹೋಗುತ್ತೀರಿ. ಆದರೆ ಈ ಸ್ವಿಚ್ ಮುಖ್ಯವಾಗಿ ಉಪಕರಣ ಹೊತ್ತಿಕೊಳ್ಳದಂತೆ ಕಾಯುತ್ತದೆ. ಚರ್ಮ ಅದಕ್ಕಿಂತ ಬಹಳ ಮೊದಲೇ ಸುಡಬಹುದು.

ಇದು ಹೇಗೆ ಕೆಲಸ ಮಾಡುತ್ತದೆ?

ಥರ್ಮೋಸ್ಟಾಟ್ ನಿಗದಿತ ಬಿಸಿಗೆ ಕರೆಂಟನ್ನು ನಿಲ್ಲಿಸಿ, ತಣ್ಣಗಾದಾಗ ಮತ್ತೆ ಹರಿಸುತ್ತದೆ. ಅದು ಕೆಟ್ಟರೆ ಕೈಹಿಡಿಯುವುದು ಥರ್ಮಲ್ ಕಟೌಟ್. ಕೆಲವದರಲ್ಲಿ ಎರಡು ಲೋಹಗಳ ಪುಟ್ಟ ತಟ್ಟೆ ಇರುತ್ತದೆ. ಬಿಸಿಗೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗದ ಕಾರಣ ತಟ್ಟೆ ಬಾಗಿ ಸಂಪರ್ಕ ಕಡಿಯುತ್ತದೆ. ಇನ್ನು ಕೆಲವದರಲ್ಲಿ ಥರ್ಮಲ್ ಫ್ಯೂಸ್ ಇದ್ದು, ಅದು ಒಮ್ಮೆ ಕರಗಿದರೆ ಮುಗಿಯಿತು, ಹೊಸದನ್ನೇ ಹಾಕಬೇಕು. ಸಾಧಾರಣ ಇಮ್ಮರ್ಷನ್ ರಾಡ್‌ಗಳಲ್ಲಿ ಇವು ಯಾವುವೂ ಇರುವುದಿಲ್ಲ.

ಚರ್ಮದ ಲೆಕ್ಕ ಬೇರೆ

60 ಡಿಗ್ರಿ ಸೆಲ್ಸಿಯಸ್ ನೀರು ವಯಸ್ಕರ ಚರ್ಮವನ್ನು ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು. 49 ಡಿಗ್ರಿಗೆ ಕೆಲವು ನಿಮಿಷ ಸಾಕು. 44 ಡಿಗ್ರಿಯೂ ಗಂಟೆಗಟ್ಟಲೆ ಒಂದೇ ಕಡೆ ತಾಗುತ್ತಿದ್ದರೆ ಸುಟ್ಟಗಾಯವಾಗುತ್ತದೆ. ಮಕ್ಕಳು ಮತ್ತು ವೃದ್ಧರ ಚರ್ಮ ತೆಳು, ಅವರಿಗೆ ಇಷ್ಟು ಸಮಯವೂ ಬೇಕಿಲ್ಲ.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಪಾರ್ಶ್ವವಾಯು ಅಥವಾ ಬೆನ್ನುಹುರಿಯ ಪೆಟ್ಟಿನಿಂದ ಸ್ಪರ್ಶ ಕಳೆದುಕೊಂಡವರು, ನಿದ್ರೆ ಮಾತ್ರೆ ನುಂಗಿದವರು ‘ಸುಡುತ್ತಿದೆ’ ಎನ್ನುವುದೇ ಇಲ್ಲ. ಬೆಳಿಗ್ಗೆ ಗುಳ್ಳೆ ಕಂಡಾಗಲೇ ಮನೆಯವರಿಗೆ ತಿಳಿಯುವುದು. ಸ್ಪರ್ಶವಿಲ್ಲದ ಜಾಗಕ್ಕೆ ಪ್ಯಾಡ್ ಇಡಲೇಬೇಡಿ. ಉಳಿದವರಿಗೆ ಬಟ್ಟೆಯ ಪದರ ಹಾಕಿ 15–20 ನಿಮಿಷ ಸಾಕು. ಪ್ಯಾಡಿನ ಮೇಲೆ ಮಲಗಿದರೆ ಶಾಖ ಹೊರಹೋಗದು, ಒತ್ತಿದ ಜಾಗದಲ್ಲಿ ರಕ್ತ ಓಡಾಡದು. ಮೆಂಥಾಲ್ ಇರುವ ನೋವಿನ ಮುಲಾಮು ಹಚ್ಚಿದ ಕಡೆ ಶಾಖ ಬೇಡ. ಕ್ಯಾನ್ಸರ್ ನೋವಿಗೆ ಫೆಂಟನಿಲ್ ಪಟ್ಟಿ ಅಂಟಿಸಿದ್ದರೆ ಇನ್ನೂ ಎಚ್ಚರ: ಬಿಸಿಗೆ ಔಷಧಿ ಒಮ್ಮೆಲೇ ದೇಹಕ್ಕೆ ಸೇರಿ ಉಸಿರಾಟವೇ ಕುಗ್ಗಬಹುದು.

ಹೈದರಾಬಾದಿನ ಗಡಸು ನೀರು

ಹೈದರಾಬಾದಿನಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸುವ ಮನೆಗಳವರಿಗೆ ನಲ್ಲಿಯ ಬಾಯಲ್ಲಿ ಕಟ್ಟುವ ಬಿಳಿ ಪೊರೆ ಗೊತ್ತೇ ಇರುತ್ತದೆ. ಅದೇ ಪೊರೆ ಗೀಸರಿನ ಕಾಯಿಲ್ ಮೇಲೂ ಕೂರುತ್ತದೆ. ಕಾಯಿಲಿನ ಶಾಖ ನೀರಿಗೆ ಸರಿಯಾಗಿ ಇಳಿಯದೆ ಅದೇ ಕಾದು, ಕಟೌಟ್ ಮತ್ತೆ ಮತ್ತೆ ಬೀಳುತ್ತದೆ. ಆಗ ‘ಕಟೌಟ್ ತೆಗೆದು ಡೈರೆಕ್ಟ್ ಮಾಡಿಕೊಡುತ್ತೇನೆ’ ಎನ್ನುವ ರಿಪೇರಿಯವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಕಾಯಿಲ್ ಸ್ವಚ್ಛ ಮಾಡಿಸಿ, ಥರ್ಮೋಸ್ಟಾಟ್ ಪರೀಕ್ಷಿಸಿ, ಬೇಕಿದ್ದರೆ ಕಟೌಟನ್ನು ಅದೇ ಅಳತೆಯದರಿಂದ ಬದಲಿಸಲು ಹೇಳಿ.

ಕಟೌಟ್ ಶಾಕ್ ತಡೆಯುವುದಿಲ್ಲ ಎಂಬುದೂ ನೆನಪಿರಲಿ. 2022ರ ಅಕ್ಟೋಬರಿನಲ್ಲಿ ಹೈದರಾಬಾದಿನ ಲಂಗರ್ ಹೌಸ್ ಪ್ರದೇಶದ ಮನೆಯೊಂದರ ಸ್ನಾನದ ಕೋಣೆಯಲ್ಲಿ ದಂಪತಿ ಮೃತಪಟ್ಟಾಗ, ಗೀಸರಿನಿಂದ ಶಾಕ್ ಹೊಡೆದಿರಬಹುದೆಂದು ಶಂಕಿಸಲಾಗಿತ್ತು. ಶಾಕ್‌ಗೆ ಬೇಕಾದ ರಕ್ಷಣೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಸ್ನಾನಕ್ಕೆ ಇಳಿಯುವ ಮುನ್ನ ಗೀಸರ್ ಆಫ್ ಮಾಡಿ. ರೋಗಿಗೆ ಸ್ನಾನ ಮಾಡಿಸುವಾಗ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಬಿಸಿಯನ್ನು ನಿಮ್ಮ ಮೊಣಕೈಯಿಂದ ನೋಡಿ, ಅವರ ಪಾದದಿಂದಲ್ಲ.

ಸುಟ್ಟರೆ ಏನು ಮಾಡಬೇಕು?

ಮೊದಲು ಪ್ಲಗ್ ತೆಗೆಯಿರಿ. ಗಾಯದ ಮೇಲೆ 20 ನಿಮಿಷ ನಲ್ಲಿಯ ತಣ್ಣೀರು ಹರಿಸಿ. ಉಂಗುರ, ಬಳೆ ಇದ್ದರೆ ಊತ ಬರುವ ಮೊದಲೇ ತೆಗೆಯಿರಿ. ಐಸ್, ಟೂತ್‌ಪೇಸ್ಟ್, ಅರಿಶಿನ, ತುಪ್ಪ ಬೇಡ. ಗುಳ್ಳೆ ಒಡೆಯಬೇಡಿ. ಮುಖ, ಕೈ, ಪಾದ, ಜನನಾಂಗ ಸುಟ್ಟಿದ್ದರೆ, ಗಾಯ ಅಂಗೈಗಿಂತ ದೊಡ್ಡದಿದ್ದರೆ ಅಥವಾ ಶಾಕ್ ಹೊಡೆದಿದ್ದರೆ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರ ಪಾದದ ಗಾಯ ಎಷ್ಟೇ ಚಿಕ್ಕದಿರಲಿ, ನೋವಿಲ್ಲದಿದ್ದರೂ, ಅದೇ ದಿನ ವೈದ್ಯರಿಗೆ ತೋರಿಸಿ.