ಕಾವ್ಯದ ಪಾತ್ರಕ್ಕೆ ಕಾಯಿಲೆಯ ಹೆಸರು: ಬಳ್ಳಿಗಾವಿ, ಉಡುತಡಿಯ ನಿದರ್ಶನಗಳು

ಪಾತ್ರದ ಸ್ವಭಾವಕ್ಕೆ ಹೆಸರಿಡುವ ಕೆಲಸ ಕನ್ನಡದಲ್ಲಿ ಮನೋವೈದ್ಯಕ್ಕಿಂತ ಹಳೆಯದು. ಹದಿನೈದನೆಯ ಶತಮಾನದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಸೊರಬದ ನೆರೆಯ ಬನವಾಸಿಯ ಅರಸನನ್ನು ಮಮಕಾರ ಎಂದೂ ಅರಸಿಯನ್ನು ಮೋಹಿನಿ ಎಂದೂ ಅವರ ಮಗಳನ್ನು ಮಾಯೆ ಎಂದೂ ಕರೆದ. ಕಾವ್ಯದ ನಾಯಕ ಅಲ್ಲಮನ ತಂದೆತಾಯಿ ಅಲ್ಲಿ ನಿರಹಂಕಾರ, ಸುಜ್ಞಾನಿ. ಗುಣವೇ ಹೆಸರಾದ ಮೇಲೆ ಆ ಪಾತ್ರ ಬೇರೇನೂ ಆಗಲಾರದು.

ಚಾಮರಸನಿಗಿಂತ ಹಿಂದಿನ ಹರಿಹರನ ರಗಳೆಯಲ್ಲಿ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮ ಮದ್ದಳೆ ನುಡಿಸುವ ಯುವಕ. ಒಲಿದ ಕಾಮಲತೆ ಜ್ವರದಿಂದ ತೀರಿಕೊಂಡಾಗ ಮರುಳನಂತೆ ಅಲೆಯುತ್ತಾನೆ. ತೋಟವೊಂದರಲ್ಲಿ ತಲೆ ತಗ್ಗಿಸಿ ಕೂತು ಕಾಲುಗುರಿನಿಂದ ನೆಲ ಕೆರೆಯುತ್ತಾನೆ. ಕೆರೆದಲ್ಲಿ ಕಳಸ ಕಾಣುತ್ತದೆ. ಅಗೆಸಿದರೆ ಗುಡಿ, ಒಳಗೆ ಯೋಗಿ ಅನಿಮಿಷಯ್ಯ. ಚಾಮರಸ ಈ ದುಃಖವನ್ನೇ ಕೈಬಿಟ್ಟ. ಮನಸ್ಸಿನ ಚಿತ್ರವಾಗಿ ಹರಿಹರನದೇ ಮೇಲು.

ಪಶ್ಚಿಮದಲ್ಲಿ ಫ್ರಾಯ್ಡ್ 1907ರಲ್ಲಿ ಯೆನ್ಸೆನ್‌ನ ‘ಗ್ರಾದಿವಾ’ ಕಥೆಯ ನಾಯಕನ ಭ್ರಮೆಯನ್ನು ವಿಶ್ಲೇಷಿಸಿದ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ವ್ಯಕ್ತಿತ್ವ ದೋಷಗಳಿಗೆ ಪ್ರತ್ಯೇಕ ವಿಭಾಗ ಮಾಡಿತು. ಹರೆಯದ ಹೊತ್ತಿಗೇ ಬೇರೂರಿ, ವರ್ಷಗಟ್ಟಲೆ ಉಳಿದು, ಬದುಕಿನ ಎಲ್ಲ ಕಡೆ ತೋರುವ, ತನ್ನವರ ಸಂಸ್ಕೃತಿಗೂ ಹೊರತಾದ ನಡವಳಿಕೆಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಅಲ್ಲಮನದು ಸಾವಿನ ಬೆನ್ನಿಗೆ ಬಂದ ಶೋಕ. ಈ ಅಳತೆಗೆ ಅದು ಸಿಗುವುದಿಲ್ಲ.

ಶಿಕಾರಿಪುರ ತಾಲ್ಲೂಕಿನದೇ ಆದ ಉಡುತಡಿಯ ಅಕ್ಕಮಹಾದೇವಿಯೂ ಸಿಗುವುದಿಲ್ಲ. ಅರಸ ಕೌಶಿಕನನ್ನು ತೊರೆದು, ಕೂದಲನ್ನೇ ಉಡುಗೆ ಮಾಡಿಕೊಂಡು ಕಲ್ಯಾಣಕ್ಕೆ ಬಂದವಳನ್ನು ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮ ಕಟುವಾಗಿಯೇ ಪರೀಕ್ಷಿಸುತ್ತಾನೆ: ಗಂಡ ಯಾರು, ಸೀರೆ ಬಿಟ್ಟವಳಿಗೆ ಕೂದಲ ಮರೆ ಯಾಕೆ? ಆಕೆ ಉತ್ತರಿಸುತ್ತಾಳೆ, ಅವನು ಮತ್ತೆ ಕೇಳುತ್ತಾನೆ, ಕೊನೆಗೆ ಶರಣರು ಆಕೆಯನ್ನು ತಮ್ಮವಳೆಂದು ಒಪ್ಪುತ್ತಾರೆ. ಒಂದೇ ಸೀಮೆಯ ಇಬ್ಬರ ಈ ಸಂವಾದದಲ್ಲಿ ಮೊದಲು ಕೇಳುವುದು, ಆಮೇಲೆ ನಿರ್ಣಯ. ಪಾತ್ರಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಮಾದರಿ ಕನ್ನಡದಲ್ಲಿ ಇನ್ನೊಂದಿಲ್ಲ.

ಹೊಸಗಾಲದಲ್ಲಿ ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ ಪೈ ಮನೋರೋಗದ ವಿಷಯವನ್ನು ಕಥೆಗೂ ಸಿನಿಮಾಕ್ಕೂ ತಂದರು. ಸುರೇಶ್ ಹೆಬ್ಳೀಕರ್ ನಿರ್ದೇಶನದ ‘ಕಾಡಿನ ಬೆಂಕಿ’ ಅಂಥ ಚಿತ್ರ. ಅದಕ್ಕೂ ಮೊದಲು, 1971ರಲ್ಲಿ, ತ್ರಿವೇಣಿ ಅವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ‘ಶರಪಂಜರ’ ಮಾಡಿದ್ದರು. ಅದರ ಕಾವೇರಿಗೆ ಬಂದದ್ದು ಹೆರಿಗೆಯ ನಂತರದ ಕಾಯಿಲೆ, ವ್ಯಕ್ತಿತ್ವದ ದೋಷವಲ್ಲ. ಚಿಕಿತ್ಸೆ ಪಡೆದು ಅವಳು ಗುಣವಾಗಿಯೇ ಮನೆಗೆ ಬರುತ್ತಾಳೆ. ಮತ್ತೆ ಅವಳ ಮನಸ್ಸನ್ನು ಕೆಡಿಸಿದ್ದು ಗಂಡನ ದ್ರೋಹ, ಮತ್ತು ಸುತ್ತಲಿನವರು ಬಿಡದೆ ಹಿಡಿದುಕೊಂಡಿದ್ದ ‘ಹುಚ್ಚಿ’ ಎಂಬ ಹೆಸರು.